ನೀರು ಹಾಕಿದ ಸಿಸ್ಟರ್

ಅಜ್ಜಿ ಆಸ್ಪತ್ರೆಯ ಮೆಟ್ಟಿಲು ಹತ್ತಿ ಬಂದವಳು ಕೂರಲೂ ಇಲ್ಲ. ಕೈಯಲ್ಲಿದ್ದ ಕೊಡೆಯಿಂದ ನೀರು ಸೋರುತ್ತಿತ್ತು. ನನ್ನ ಮುಖ ನೋಡಿ ಕೇಳಿದ ಮೊದಲ ಮಾತೇ ಅದು.

"ಮಗೂಗೆ ನೀರು ಹಾಕ್ಸಿದ್ರಾ?"

ನಾನು ಏನೂ ಹೇಳಲಿಲ್ಲ. ಅಜ್ಜಿಗೆ ಗೊತ್ತಾಗಿಹೋಯಿತು. ಕೊಡೆಯನ್ನು ಗೋಡೆಗೆ ಒರಗಿಸಿ, ಬೆಂಚಿನ ತುದಿಯಲ್ಲಿ ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಆಗಸ್ಟ್ ತಿಂಗಳು. ಹಾಸನದಲ್ಲಿ ಮೂರು ದಿನದಿಂದ ಒಂದೇ ಸಮನೆ ಮಳೆ. ಹಿಂದಿನ ದಿನ ಸಂಜೆ ನನ್ನ ತಂಗಿಗೆ ಅವಳಿ ಮಕ್ಕಳಾಗಿದ್ದವು. ದಿನ ತುಂಬಿರಲಿಲ್ಲ. ಮೂವತ್ತನೇ ವಾರಕ್ಕೇ ಆಪರೇಷನ್ ಮಾಡಿ ತೆಗೆಯಬೇಕಾಯಿತು. ಒಂದು ಗಂಡು, ಒಂದು ಹೆಣ್ಣು. ಗಂಡು ಮಗು 900 ಗ್ರಾಂ, ಹೆಣ್ಣು ಮಗು 1 ಕೆಜಿ 180 ಗ್ರಾಂ. ಎರಡನ್ನೂ ಸೀದಾ ಎನ್‌ಐಸಿಯುಗೆ, ಅಂದರೆ ಆಗತಾನೆ ಹುಟ್ಟಿದ ಮಕ್ಕಳ ತೀವ್ರ ನಿಗಾ ಘಟಕಕ್ಕೆ ತೆಗೆದುಕೊಂಡು ಹೋದರು. ಬೆಳಗಿನ ಜಾವ ಮೂರೂವರೆಗೆ ಗಂಡು ಮಗು ಹೋಗಿಬಿಟ್ಟಿತು.

ನಾವು ಕಥೋಲಿಕ ಕ್ರೈಸ್ತರು. ನಮ್ಮ ಕಡೆ ಹಳಬರು "ನೀರು ಹಾಕಿಸೋದು" ಅಂದರೆ ಜ್ಞಾನಸ್ನಾನ, ತಲೆ ಮೇಲೆ ನೀರು ಹಾಕಿ ಮಗುವನ್ನು ಕ್ರೈಸ್ತ ಸಭೆಗೆ ಸೇರಿಸುವ ವಿಧಿ. ಪೂಜೆ ಪುಸ್ತಕದಲ್ಲಿ ಸ್ನಾನದೀಕ್ಷೆ ಅಂತ ಇರುತ್ತದೆ, ಕೆಲವರು ದೀಕ್ಷಾಸ್ನಾನ ಅನ್ನುತ್ತಾರೆ, ಈಗಿನ ಹುಡುಗರಿಗೆ ಅದು ಬ್ಯಾಪ್ಟಿಸಮ್. ಅಜ್ಜಿಗೆ ಮಾತ್ರ ಅದು ನೀರು ಹಾಕಿಸೋದೇ. ಮಗು ಹುಟ್ಟಿದ ಮನೆಯಲ್ಲಿ ಅವಳು ಮೊದಲು ಕೇಳುವುದು ಅದನ್ನೇ. ಹೆಣ್ಣೋ ಗಂಡೋ ಅಂತ ಕೇಳುವುದು ಆಮೇಲೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ನಾನು 12 ವರ್ಷದಿಂದ ನಮ್ಮ ಚರ್ಚಿನಲ್ಲಿ ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ. ಏಳು ಸಂಸ್ಕಾರಗಳ ಪಾಠದಲ್ಲಿ ಒಂದು ಪ್ರಶ್ನೆ ಬರುತ್ತದೆ: ತುರ್ತು ಸಮಯದಲ್ಲಿ ಸ್ನಾನದೀಕ್ಷೆ ಯಾರು ಕೊಡಬಹುದು? ಉತ್ತರ: ಯಾರು ಬೇಕಾದರೂ ಕೊಡಬಹುದು. ಪರೀಕ್ಷೆಯಲ್ಲಿ ಎರಡು ಅಂಕ. ಎಷ್ಟು ಮಕ್ಕಳ ಉತ್ತರ ತಿದ್ದಿದ್ದೇನೋ ಲೆಕ್ಕವಿಲ್ಲ. ಆ ರಾತ್ರಿ ಎನ್‌ಐಸಿಯು ಬಾಗಿಲ ಹೊರಗೆ ಕೂತು ಔಷಧಿ ಚೀಟಿ, ರಕ್ತದ ಗುಂಪು, ಎಟಿಎಂ ಕಾರ್ಡು, ತಂಗಿಯ ಹೊಲಿಗೆ ಎಲ್ಲವನ್ನೂ ಯೋಚಿಸಿದೆ. ಇದೊಂದು ನೆನಪಾಗಲಿಲ್ಲ. ಒಳಗೆ ಒಂದು ಮಗು ಉಸಿರಿಗಾಗಿ ಒದ್ದಾಡುತ್ತಿತ್ತು. ಉತ್ತರ ಗೊತ್ತಿದ್ದವಳು ನಾನು ಬಾಗಿಲ ಈಚೆ ಕೂತಿದ್ದೆ.

ಆ ದಿನ ಹೇಗೆ ಕಳೆಯಿತೋ ಸರಿಯಾಗಿ ನೆನಪಿಲ್ಲ. ತಂಗಿಗೆ ಮಧ್ಯಾಹ್ನ ವಿಷಯ ತಿಳಿಸಿದೆವು. ಅವಳು ಕೂಗಾಡಲಿಲ್ಲ. ಗೋಡೆ ಕಡೆ ಮುಖ ತಿರುಗಿಸಿಕೊಂಡು ಮಲಗಿದಳು. ಅವಳ ಗಂಡ ಓಡಾಡುತ್ತಲೇ ಇದ್ದ. ಅಜ್ಜಿ ಜಪಸರ ಹಿಡಿದು ಕೂತವಳು ಎದ್ದೇ ಇಲ್ಲ.

ಸಂಜೆ ಏಳೂವರೆ ಹೊತ್ತಿಗೆ ಡಾಕ್ಟರು ಹೊರಗೆ ಬಂದರು. ಹೆಣ್ಣು ಮಗುವಿನ ಉಸಿರೂ ಏರುಪೇರಾಗುತ್ತಿದೆ, ಆಗಾಗ ನಿಂತು ನಿಂತು ಬರುತ್ತಿದೆ, ಈ ರಾತ್ರಿ ಕಳೆದರೆ ಆಮೇಲೆ ಹೇಳಬಹುದು ಅಂದರು. ಅಜ್ಜಿ ನನ್ನ ಕೈ ಹಿಡಿದಳು. ಈ ಸಲ ಅವಳು ಏನೂ ಕೇಳಬೇಕಾಗಿರಲಿಲ್ಲ.

ಫಾದರ್‌ಗೆ ಫೋನ್ ಮಾಡಿದೆ. ಅವರು ಸಕಲೇಶಪುರದ ಕಡೆ ಒಂದು ಸಾವಿನ ಮನೆಗೆ ಹೋಗಿದ್ದರು. ದಾರಿಯಲ್ಲಿ ಮರ ಬಿದ್ದು ಗಾಡಿಗಳೆಲ್ಲ ನಿಂತಿದ್ದವು. "ನಾನು ಬರೋಕೆ ಎರಡು ಗಂಟೆ ಆಗಬಹುದು. ನೀವು ಕಾಯಬೇಡಿ. ನೀವೇ ಕೊಡಿ" ಅಂದರು.

"ಒಳಗೆ ಬಿಡಲ್ಲ ಫಾದರ್. ಸ್ಟಾಫ್ ಮತ್ತೆ ತಾಯಿ ಅಷ್ಟೇ. ತಂಗಿಗೆ ಇನ್ನೂ ಎದ್ದು ಕೂರೋಕೂ ಆಗ್ತಿಲ್ಲ."

"ಒಳಗೆ ಯಾರಿದ್ದಾರೆ?"

"ನರ್ಸ್ ಒಬ್ಬರು ಇದ್ದಾರೆ. ಆದರೆ ಅವರು ನಮ್ಮವರಲ್ಲ ಫಾದರ್. ಹಿಂದೂ."

"ಅವರಿಗೆ ಮನಸ್ಸಿದೆಯಾ ಕೇಳಿ. ಇದ್ದರೆ ಅವರೇ ಕೊಡಲಿ."

ನಾನು ಮಕ್ಕಳಿಗೆ ಹೇಳಿಕೊಟ್ಟದ್ದೂ ಇದನ್ನೇ. ಆದರೂ ಕಿವಿಗೆ ಬಿದ್ದಾಗ ಎದೆ ಝಲ್ಲೆಂದಿತು.

ಸಿಸ್ಟರ್ ಬಾಗಿಲಿಗೆ ಬಂದರು. ಹಿಂದಿನ ರಾತ್ರಿಯೂ ಇವರೇ ಡ್ಯೂಟಿಯಲ್ಲಿದ್ದವರು. ಮೂವತ್ತರ ಆಸುಪಾಸು. ಕುಂಕುಮದ ಮೇಲೆ ಬೆವರು, ಕಣ್ಣಲ್ಲಿ ನಿದ್ದೆಗೆಟ್ಟ ಕೆಂಪು. ನಾನು ತಡವರಿಸಿಕೊಂಡು ವಿಷಯ ಹೇಳಿದೆ. ಅವರು ಎರಡೇ ಪ್ರಶ್ನೆ ಕೇಳಿದರು. "ನೀರು ಎಷ್ಟು ಬೇಕು?" "ಏನು ಹೇಳಬೇಕು?"

ಮೊದಲು ಒಳಗೆ ಹೋಗಿ ಡಾಕ್ಟರನ್ನು ಕೇಳಿಕೊಂಡು ಬಂದರು. ಡಾಕ್ಟರು ಒಪ್ಪಿದರು, ಆದರೆ ಮಗುವಿನ ಮೈ ತಣ್ಣಗಾಗಬಾರದು, ನೀರು ಸ್ವಲ್ಪವೇ ಇರಬೇಕು ಅಂದರಂತೆ. ನಾನು ಪರ್ಸಿನಲ್ಲಿದ್ದ ಮೆಡಿಕಲ್ ಶಾಪ್ ಬಿಲ್ಲಿನ ಹಿಂಬದಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದೆ. ಕೈ ನಡುಗುತ್ತಿತ್ತು, ಎರಡು ಸಲ ಬರೆಯಬೇಕಾಯಿತು. "ಪಿತನ, ಸುತನ ಹಾಗೂ ಪವಿತ್ರಾತ್ಮರ ನಾಮದಲ್ಲಿ ನಾನು ನಿನಗೆ ಸ್ನಾನದೀಕ್ಷೆ ನೀಡುತ್ತೇನೆ." ಫಾದರ್ ಇನ್ನೂ ಫೋನಿನಲ್ಲೇ ಇದ್ದರು. ಸ್ಪೀಕರ್ ಹಾಕಿದೆ. ಅವರು ಸಿಸ್ಟರ್ ಜೊತೆ ಮಾತಾಡಿದರು.

"ಅಮ್ಮಾ, ನೀರು ತಲೆ ಮೇಲೆ ಹರೀಬೇಕು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಗಲ್ಲ. ಹರಿಯುವಾಗಲೇ ಆ ಮಾತು ಹೇಳಬೇಕು. ಈ ಮಗುವಿನ ತಾಯಿ ಏನು ಬಯಸ್ತಾಳೋ, ನಮ್ಮ ಧರ್ಮಸಭೆ ಇದರಿಂದ ಏನು ಬಯಸುತ್ತೋ, ಅದನ್ನೇ ಮಾಡ್ತಿದ್ದೀನಿ ಅಂತ ಮನಸ್ಸಿನಲ್ಲಿರಲಿ. ಅಷ್ಟು ಸಾಕು."

"ಆಯ್ತು ಫಾದರ್" ಅಂದರು ಸಿಸ್ಟರ್. ಚೀಟಿ ಓದಿಕೊಂಡರು. ಹೋಗುವವರು ತಿರುಗಿ ನಿಂತರು. "ಹೆಸರು?"

ಹೆಸರು! ಯಾರೂ ಯೋಚಿಸಿಯೇ ಇರಲಿಲ್ಲ. ತಂಗಿಯ ವಾರ್ಡಿಗೆ ಓಡಿದೆ. ಕಣ್ಣು ಮುಚ್ಚಿಕೊಂಡೇ ಅವಳು ಅಜ್ಜಿಯ ಹೆಸರು ಹೇಳಿದಳು. ಓಡಿ ಬಂದು ಸಿಸ್ಟರ್‌ಗೆ ಹೇಳಿದೆ. ಪಕ್ಕದಲ್ಲೇ ಕೂತಿದ್ದ ಅಜ್ಜಿ ತನ್ನ ಹೆಸರು ಕೇಳಿ ತಲೆ ಎತ್ತಿದಳು.

ಬಾಗಿಲಲ್ಲಿ ಒಂದು ಚೌಕದ ಗಾಜು ಇತ್ತು. ಅದರಲ್ಲಿ ಇಣುಕಿ ನೋಡಿದೆ. ಸಿಸ್ಟರ್ ಕೈ ತೊಳೆದರು. ಸೂಜಿ ಇಲ್ಲದ ಒಂದು ಸಣ್ಣ ಸಿರಿಂಜ್‌ನಲ್ಲಿ ಉಗುರುಬೆಚ್ಚಗಿನ ನೀರು ತುಂಬಿಕೊಂಡರು. ಒಂದು ಹನಿ ತಮ್ಮ ಮುಂಗೈ ಮೇಲೆ ಬಿಟ್ಟು ಬಿಸಿ ನೋಡಿದರು, ತಾಯಂದಿರು ಹಾಲಿನ ಬಿಸಿ ನೋಡುವ ಹಾಗೆ. ಮಗುವಿನ ಟೋಪಿಯನ್ನು ಒಂದು ಬೆರಳಿನಿಂದ ಹಿಂದಕ್ಕೆ ಸರಿಸಿದರು. ತಲೆ ಒಂದು ಕಿತ್ತಳೆ ಹಣ್ಣಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಕೆಳಗೆ ಹತ್ತಿ ಇಟ್ಟರು. ಚೀಟಿಯನ್ನು ಮಗುವನ್ನು ಬೆಚ್ಚಗಿಡುವ ವಾರ್ಮರ್‌ನ ಅಂಚಿಗೆ ಅಂಟಿಸಿಕೊಂಡಿದ್ದರು. ತುಟಿ ಅಲ್ಲಾಡಿತು. ಸಿರಿಂಜ್ ಒಂದು ಸಲ ಒತ್ತಿದರು. ಬೆಳಕಿನಲ್ಲಿ ನೀರು ಹೊಳೆದು, ಕೆನ್ನೆಯ ಪಕ್ಕ ಇಳಿದು ಹತ್ತಿಗೆ ಸೇರಿತು. ಮತ್ತೊಂದು ಸಲ. ಮತ್ತೊಂದು ಸಲ. ಆಮೇಲೆ ಬೇರೆ ಹತ್ತಿಯಿಂದ ಒತ್ತಿ ಒರೆಸಿ, ಟೋಪಿ ಹಾಕಿದರು. ಕೊನೆಗೆ ತಲೆ ಎತ್ತಿ ಗೋಡೆಯ ಗಡಿಯಾರ ನೋಡಿದರು.

ಒಂದು ನಿಮಿಷವೂ ಆಗಿರಲಿಲ್ಲ. ಗಂಟೆ ಇಲ್ಲ, ಹಾಡಿಲ್ಲ, ಮೇಣದಬತ್ತಿ ಇಲ್ಲ. ಮೆಷಿನ್ನು ಟಿಣ್ ಟಿಣ್ ಅನ್ನುತ್ತಿತ್ತು. ಗಾಜಿನ ಈಚೆ ಅಜ್ಜಿ ಮೊಣಕಾಲೂರಿದ್ದಳು.

ಫಾದರ್ ಬಂದಾಗ ರಾತ್ರಿ ಹತ್ತೂವರೆ. ಪ್ಯಾಂಟು ಮೊಣಕಾಲವರೆಗೆ ಕೆಸರು. ಗಾಜಿನ ಹತ್ತಿರ ನಿಂತು ಮಗುವಿಗೆ ಪ್ರಾರ್ಥನೆ ಮಾಡಿದರು, ಆದರೆ ನೀರಿನ ಮಾತೇ ಎತ್ತಲಿಲ್ಲ. ತಂಗಿ ಗಂಡ ಮೆಲ್ಲಗೆ ಕೇಳಿದ. "ಫಾದರ್, ನೀವೂ ಒಂದು ಸಲ ಕೊಟ್ಟುಬಿಡಿ. ಮನಸ್ಸಿಗೆ ಸಮಾಧಾನ."

ಫಾದರ್ ತಲೆ ಅಲ್ಲಾಡಿಸಿದರು. "ಕೊಟ್ಟಾಯ್ತಲ್ಲಪ್ಪ. ಎರಡನೇ ಸಲ ಅನ್ನೋದು ಇದರಲ್ಲಿ ಇಲ್ಲ."

ಆಮೇಲೆ ಅವರು ಹೇಳಿದ್ದು ಉತ್ತರ ಆಫ್ರಿಕಾದಲ್ಲಿ ಬಿಷಪ್ಪರಾಗಿದ್ದ ಸಂತ ಅಗಸ್ಟೀನರ ಮಾತು. ನಾಲ್ಕನೇ, ಐದನೇ ಶತಮಾನದಲ್ಲಿ ಅಲ್ಲಿನ ಕ್ರೈಸ್ತರಲ್ಲಿ ಇದರ ಬಗ್ಗೆ ದೊಡ್ಡ ಜಗಳವೇ ನಡೆದಿತ್ತು. ಹಿಂಸೆಗೆ ಹೆದರಿ ನಂಬಿಕೆ ಬಿಟ್ಟುಕೊಟ್ಟ ಗುರುಗಳು ಕೊಟ್ಟ ಸಂಸ್ಕಾರಗಳು ನಡೆಯುವುದಿಲ್ಲ, ಅಂಥವರ ಕೈಯಿಂದ ಪಡೆದ ಸ್ನಾನದೀಕ್ಷೆ ದೀಕ್ಷೆಯೇ ಅಲ್ಲ ಅಂತ ಡೊನಾಟಿಸ್ಟರು ಅನ್ನುವ ಪಂಗಡದವರು ವಾದಿಸುತ್ತಿದ್ದರು. ಅಗಸ್ಟೀನರು ಒಪ್ಪಲಿಲ್ಲ. ಪೇತ್ರ ಕೊಟ್ಟರೂ ಕೊಡುವವನು ಕ್ರಿಸ್ತ, ಪೌಲ ಕೊಟ್ಟರೂ ಕೊಡುವವನು ಕ್ರಿಸ್ತ, ಯೇಸುವನ್ನೇ ಹಿಡಿದುಕೊಟ್ಟ ಯೂದ ಕೊಟ್ಟರೂ ಕೊಡುವವನು ಕ್ರಿಸ್ತನೇ ಅಂದರು. "ಕೈ ಯಾರದ್ದಾದರೇನು. ಸಿಸ್ಟರ್ ಕೈಯಲ್ಲಿ ಅವನೇ ನೀರು ಹಾಕಿದ್ದಾನೆ" ಅಂದರು ಫಾದರ್.

ಈ ಮಾತು ನಾನು ಓದಿದ್ದೆ. ಆದರೆ ಆ ಕಾರಿಡಾರಿನಲ್ಲಿ, ಫಿನಾಯಿಲ್ ವಾಸನೆಯ ಮಧ್ಯೆ ಕೇಳಿದಾಗ ಅರ್ಥವಾದಷ್ಟು ಯಾವ ಪುಸ್ತಕದಲ್ಲೂ ಅರ್ಥವಾಗಿರಲಿಲ್ಲ.

ಆಗ ಅಜ್ಜಿ ಬಾಯಿಬಿಟ್ಟಳು. "ಮತ್ತೆ ಆ ಗಂಡು ಕೂಸು, ಸ್ವಾಮಿ?"

ಅಜ್ಜಿ ಹುಟ್ಟಿ ಬೆಳೆದದ್ದು ಹಾಸನದ ಹತ್ತಿರದ ಶೆಟ್ಟಿಹಳ್ಳಿಯಲ್ಲಿ. ಅವಳು ಚಿಕ್ಕವಳಿದ್ದಾಗ ನೀರು ಬೀಳದೆ ಸತ್ತ ಕೂಸುಗಳನ್ನು ಎಲ್ಲರ ಜೊತೆ ಹೂಳುತ್ತಿರಲಿಲ್ಲವಂತೆ. ಬೇಲಿಯ ಪಕ್ಕ ಒಂದು ಮೂಲೆ. ಶಿಲುಬೆ ಇಲ್ಲ, ಹೆಸರಿಲ್ಲ. ಅಂಥ ಮಕ್ಕಳು ಸ್ವರ್ಗಕ್ಕೂ ಇಲ್ಲ, ನರಕಕ್ಕೂ ಇಲ್ಲ, ನಡುವೆ ಎಲ್ಲೋ ಇರುತ್ತವೆ ಅಂತ ಹಿರಿಯರು ಹೇಳುತ್ತಿದ್ದರಂತೆ. ಅಜ್ಜಿಯ ತಂಗಿಯೊಬ್ಬಳು ಆ ಮೂಲೆಯಲ್ಲೇ ಇದ್ದಾಳೆ. ಈ ವಿಷಯ ನನಗೆ ಗೊತ್ತಾದದ್ದೂ ಆ ರಾತ್ರಿಯೇ. ಎಂಬತ್ತು ದಾಟಿದ ಅಜ್ಜಿ ಇಷ್ಟು ವರ್ಷ ಅದನ್ನು ಒಬ್ಬಳೇ ಹೊತ್ತುಕೊಂಡು ತಿರುಗಿದ್ದಳು.

ಫಾದರ್ ಅವಳ ಪಕ್ಕ ಬೆಂಚಿನ ಮೇಲೆ ಕೂತರು. ಆ 'ನಡುವಿನ ಜಾಗ' ಅನ್ನೋದು ಧರ್ಮಸಭೆ ಯಾವತ್ತೂ ವಿಶ್ವಾಸದ ಸತ್ಯ ಅಂತ ಘೋಷಿಸಿದ್ದಲ್ಲ ಅಂತ ಬಿಡಿಸಿ ಹೇಳಿದರು. 1992ರ ಧರ್ಮೋಪದೇಶ ಗ್ರಂಥ ಇಂಥ ಮಕ್ಕಳನ್ನು ದೇವರ ಕರುಣೆಗೆ ಒಪ್ಪಿಸುತ್ತದೆ. 2007ರಲ್ಲಿ ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ ಇದೇ ವಿಷಯದ ಮೇಲೆ ಒಂದು ದೊಡ್ಡ ವರದಿ ಕೊಟ್ಟಿತು. ಅವರು ರಕ್ಷಣೆ ಹೊಂದುತ್ತಾರೆ ಅಂತ ಆಶಿಸಲು ಗಟ್ಟಿಯಾದ ಕಾರಣಗಳಿವೆ ಅಂತ ಅದರಲ್ಲಿದೆ. ಅಜ್ಜಿಗೆ ಆಯೋಗ, ವರದಿ ಯಾವುದೂ ತಲೆಗೆ ಹೋಗಲಿಲ್ಲ. ಫಾದರ್‌ಗೂ ಅದು ಗೊತ್ತಾಯಿತು ಅಂತ ಕಾಣುತ್ತದೆ.

"ಅಮ್ಮಾ, ಮಕ್ಕಳು ನನ್ನ ಹತ್ತಿರ ಬರಲಿ, ಅಡ್ಡಿ ಮಾಡಬೇಡಿ ಅಂದವರು ಯಾರು?"

"ಯೇಸುಸ್ವಾಮಿ."

"ಹಾಗಂದವರು ತಾವೇ ಅಡ್ಡ ನಿಲ್ತಾರಾ? ಅವರು ನಮ್ಮನ್ನು ನೀರಿಗೆ ಕಟ್ಟಿದ್ದಾರೆ. ನಾವು ನೀರು ಹಾಕಿಸಲೇಬೇಕು, ಉದಾಸೀನ ಮಾಡಬಾರದು. ಆದರೆ ಅವರು ತಮ್ಮನ್ನು ನೀರಿಗೆ ಕಟ್ಟಿಕೊಂಡಿಲ್ಲ."

ಅಜ್ಜಿ ತುಂಬಾ ಹೊತ್ತು ಸುಮ್ಮನಿದ್ದಳು. "ನನ್ನ ತಂಗಿಗೂ ಹಂಗೇನಾ?" ಅಂದಳು. "ನಿಮ್ಮ ತಂಗಿಗೂ ಹಾಗೇ" ಅಂದರು ಫಾದರ್. ಅವಳು ಆಗ ಅತ್ತಳು. ಬೆಳಗ್ಗೆಯಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ.

ಮಾರನೇ ದಿನ ನಮ್ಮ ಸಿಮೆಟ್ರಿಯಲ್ಲಿ, ತಾತನ ಸಮಾಧಿಯ ಪಕ್ಕ ಕಂದನನ್ನು ಇಟ್ಟೆವು. ನೀರು ಬೀಳುವ ಮುಂಚೆ ಹೋದ ಮಕ್ಕಳಿಗಾಗಿಯೇ ಪ್ರಾರ್ಥನೆಗಳಿವೆ, ಫಾದರ್ ಅವನ್ನೇ ಹೇಳಿದರು. ತಂದೆ ತಾಯಿ ಬಯಸಿದ್ದ ದೀಕ್ಷೆ ಅಂತ ಅದರಲ್ಲಿ ಒಂದು ಮಾತು ಬರುತ್ತದೆ. ನಾನು ಆ ಮಾತನ್ನು ಹಿಡಿದುಕೊಂಡೆ.

ಹೆಣ್ಣು ಮಗು ಆ ರಾತ್ರಿ ಕಳೆಯಿತು. ಮಾರನೇ ರಾತ್ರಿಯೂ ಕಳೆಯಿತು. ನೀರು ಹಾಕಿದ್ದಕ್ಕೇ ಬದುಕಿತು ಅಂತ ನೆಂಟರಲ್ಲಿ ಕೆಲವರು ಹೇಳುತ್ತಾರೆ. ನಾನು ಹಾಗೆ ಹೇಳಲಾರೆ. ಅದು ಔಷಧಿ ಅಲ್ಲ. ಅವಳನ್ನು ಉಳಿಸಿದ್ದು ಡಾಕ್ಟರು, ಸಿಸ್ಟರುಗಳು, ಆಕ್ಸಿಜನ್ನು, ಅದೆಲ್ಲದರ ಹಿಂದೆ ದೇವರು. ನೀರು ಕೊಟ್ಟದ್ದು ಬೇರೆಯೇ. ಅವಳು ಬದುಕಿದರೂ ಸತ್ತರೂ ಯಾರವಳು ಅನ್ನುವುದನ್ನು ಅದು ಹೇಳಿಯಾಗಿತ್ತು.

52 ದಿನ ಆಸ್ಪತ್ರೆಯಲ್ಲಿದ್ದಳು. ಆ ದಿನಗಳಲ್ಲಿ ನನ್ನ ಸ್ಕೂಲಿನ ಗೆಳತಿಯೊಬ್ಬಳು ದಿನಾ ಸಂಜೆ ಬುತ್ತಿ ತರುತ್ತಿದ್ದಳು. ಅವಳು ಬೇರೆ ಕ್ರೈಸ್ತ ಸಭೆಯವಳು. ಅವರಲ್ಲಿ ಮಕ್ಕಳಿಗೆ ದೀಕ್ಷಾಸ್ನಾನ ಇಲ್ಲ. ದೊಡ್ಡವರಾದ ಮೇಲೆ, ತಾವೇ ನಂಬಿ, ತಾವೇ ಬಾಯಿಬಿಟ್ಟು ಹೇಳಿ, ಪೂರ್ತಿ ನೀರಿನಲ್ಲಿ ಮುಳುಗಬೇಕು. ಅವಳು 26ನೇ ವಯಸ್ಸಿನಲ್ಲಿ ತೆಗೆದುಕೊಂಡಾಗ ನಾನೂ ಹೋಗಿದ್ದೆ. ಪ್ರಾರ್ಥನಾ ಹಾಲ್‌ನ ಹಿಂದೆ ಸಿಮೆಂಟ್ ತೊಟ್ಟಿ. ಪಾಸ್ಟರ್ ಅವಳ ಬೆನ್ನಿಗೆ ಕೈ ಕೊಟ್ಟು ಹಿಂದಕ್ಕೆ ಮಲಗಿಸಿ ಮುಳುಗಿಸಿದರು. "ಕೆಳಗೆ ಒಂದು ಗಳಿಗೆ ಏನೂ ಕೇಳಿಸಲಿಲ್ಲ ಕಣೇ. ಸಮಾಧಿ ಒಳಗೆ ಹೀಗೇ ಇರುತ್ತೇನೋ ಅನ್ನಿಸ್ತು" ಅಂತ ಆಮೇಲೆ ಹೇಳಿದ್ದಳು. ರೋಮನ್ನರಿಗೆ ಬರೆದ ಪತ್ರದ ಆರನೇ ಅಧ್ಯಾಯದಲ್ಲಿ ಪೌಲ ಹೇಳುವುದೂ ಅದೇ. ಕ್ರಿಸ್ತನ ಜೊತೆ ಹೂಳಲ್ಪಟ್ಟು, ಅವನ ಜೊತೆಗೇ ಹೊಸ ಬದುಕಿಗೆ ಏಳುವುದು. ಆ ಅರ್ಥವನ್ನು ಕಣ್ಣಿಗೆ ಕಟ್ಟುವ ಹಾಗೆ ತೋರಿಸುವುದು ಮುಳುಗುವುದೇ, ಅದನ್ನು ನಾನು ಒಪ್ಪುತ್ತೇನೆ. ಗ್ರೀಕಿನ ಆ ಮೂಲ ಪದಕ್ಕೂ ಅದ್ದು, ಮುಳುಗಿಸು ಅಂತಲೇ ಅರ್ಥ.

ಅವಳು ಒಂದು ಸಂಜೆ ಕೇಳಿದಳು, ನೋಯಿಸುವುದಕ್ಕಲ್ಲ, ನಿಜವಾಗಿ ತಿಳಿದುಕೊಳ್ಳೋಕೆ. "ಸಿರಿಂಜ್‌ನಲ್ಲಿ ಎರಡು ಹನಿ ಬಿಟ್ಟರೆ ಸಾಕಾ? ಮಗುವಿಗೆ ಏನು ಗೊತ್ತು?"

ಮೊದಲ ಪ್ರಶ್ನೆಗೆ ಉತ್ತರ ಸುಲಭ. ದಿದಾಖೆ ಅಂತ ಕ್ರೈಸ್ತರ ತೀರಾ ಹಳೆಯ ಕೈಪಿಡಿಯೊಂದಿದೆ. ಹರಿಯುವ ನೀರಿನಲ್ಲಿ ಕೊಡಿ, ಅದಿಲ್ಲದಿದ್ದರೆ ಬೇರೆ ನೀರಿನಲ್ಲಿ, ತಣ್ಣೀರಿನಲ್ಲಿ ಆಗದಿದ್ದರೆ ಬೆಚ್ಚಗಿನ ನೀರಿನಲ್ಲಿ, ಎರಡೂ ಸಾಲದಿದ್ದರೆ ತಲೆ ಮೇಲೆ ಮೂರು ಸಲ ಸುರಿಯಿರಿ ಅಂತ ಅದರಲ್ಲಿದೆ. ಅಷ್ಟು ಹಿಂದೆಯೇ ಯಾರೋ ನಮ್ಮಂಥವರ ಪಾಡು ಯೋಚಿಸಿ ಬರೆದಿಟ್ಟಿದ್ದಾರೆ ಅಂತ ನನಗೆ ಅನ್ನಿಸುತ್ತದೆ.

ಎರಡನೆಯದು ಅಷ್ಟು ಸುಲಭ ಅಲ್ಲ. ನಾನು ಅವಳನ್ನು ಗಾಜಿನ ಹತ್ತಿರ ಕರೆದುಕೊಂಡು ಹೋದೆ. "ನೋಡು. ಆ ಪೈಪಿನಲ್ಲಿ ಅವಳಿಗೆ ಉಸಿರು ಹೋಗ್ತಿದೆ. ಮೂಗಿನ ನಳಿಕೆಯಲ್ಲಿ ಅವಳಮ್ಮನ ಹಾಲು ಹೋಗ್ತಿದೆ, ಒಂದು ಸಲಕ್ಕೆ ಎರಡು ಎಂಎಲ್. ಅವಳಿಗೆ ಏನು ಗೊತ್ತು? ಬೇಕು ಅಂತ ಕೇಳಿದಳಾ?" ನಾವಿಬ್ಬರೂ ನೋಡುತ್ತಾ ನಿಂತೆವು. ಅವಳು ವಾದ ಮಾಡಲಿಲ್ಲ. ಒಪ್ಪಿಕೊಂಡಳು ಅಂತಲೂ ನಾನು ಹೇಳುವುದಿಲ್ಲ. ಅವಳ ದೀಕ್ಷೆಯಲ್ಲಿ ದೇವರ ಕರೆಗೆ ಮನುಷ್ಯ ಕೊಡುವ ಉತ್ತರ ಎದ್ದು ಕಾಣುತ್ತದೆ. ನಮ್ಮ ಪುಟ್ಟಿಯದರಲ್ಲಿ ಕೇಳುವ ಮುಂಚೆಯೇ ಕೊಡುವ ದೇವರು ಎದ್ದು ಕಾಣುತ್ತಾನೆ. ಪುಟ್ಟಿಯ ಉತ್ತರ ಇನ್ನೂ ಬಾಕಿ ಇದೆ. ಅವಳು ದೊಡ್ಡವಳಾಗಿ ಅದನ್ನು ತನ್ನ ಬಾಯಿಂದಲೇ ಹೇಳಬೇಕು. ಅಲ್ಲಿವರೆಗೆ ಅವಳ ಪರವಾಗಿ ನಾವು ಹೇಳುತ್ತೇವೆ, ಹೇಳಿದಂತೆ ಬದುಕಬೇಕಾದವರೂ ನಾವೇ. ಈ ಹೊಣೆ ಮರೆತು ಬರೀ ಊಟ, ಫೋಟೋ, ಕೇಕು ಅಂತ ಮಾಡುವುದಾದರೆ ನನ್ನ ಗೆಳತಿ ಕೇಳಿದ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇರುವುದಿಲ್ಲ.

ಅಜ್ಜಿ ಇದನ್ನೆಲ್ಲ ಕೇಳಿಸಿಕೊಂಡು ಕೂತಿದ್ದಳು. ಅವಳಿಗೆ ನೀರು ಹಾಕಿದ್ದು ಶೆಟ್ಟಿಹಳ್ಳಿಯ ಹಳೇ ಚರ್ಚಿನಲ್ಲಿ, 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಹುಟ್ಟಿದ ನಾಲ್ಕನೇ ದಿನಕ್ಕೇ ಜ್ಞಾನತಾಯಿ, ಅಂದರೆ ದೀಕ್ಷೆಯಲ್ಲಿ ಮಗುವಿನ ಪರವಾಗಿ ನಿಲ್ಲುವವರು, ಎತ್ತಿಕೊಂಡು ಹೋಗಿದ್ದರಂತೆ. ಬಾಣಂತಿ ತಾಯಿ ಮನೆಯಲ್ಲೇ. ಆಮೇಲೆ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದರು, ಊರು ಮುಳುಗಡೆಯಾಯಿತು, ಜನ ಬೇರೆ ಬೇರೆ ಕಡೆ ಹೋಗಿ ನೆಲೆ ನಿಂತರು. ಚರ್ಚು ಮಾತ್ರ ಅಲ್ಲೇ ಉಳಿಯಿತು. ಸೂರಿಲ್ಲ, ಗೋಡೆ, ಕಮಾನು ಅಷ್ಟೇ. ಮಳೆಗಾಲದಲ್ಲಿ ಹಿನ್ನೀರು ಏರಿದಾಗ ಅರ್ಧಕ್ಕಿಂತ ಜಾಸ್ತಿ ಮುಳುಗುತ್ತದೆ, ಬೇಸಿಗೆಯಲ್ಲಿ ಮತ್ತೆ ಮೇಲೆ ಕಾಣುತ್ತದೆ. ಇತ್ತೀಚಿನ ವರ್ಷಗಳಲ್ಲಿ ಮಳೆಗೆ ಒಂದಷ್ಟು ಭಾಗ ಬಿದ್ದೂ ಹೋಗಿದೆ.

ನನ್ನ ಗೆಳತಿ ಹೋದ ಮೇಲೆ ಅಜ್ಜಿ ಹೇಳಿದಳು. "ನಂಗೆ ನೀರು ಹಾಕಿದ್ ಜಾಗನೇ ನೀರಲ್ಲಿ ಹೋಯ್ತು. ಊರು ಹೋಯ್ತು, ಹೊಲ ಹೋಯ್ತು, ಹಾಕಿದ್ ಸ್ವಾಮಿಯೂ ಹೋದ್ರು. ನಂಗೆ ಹಾಕಿದ್ ನೀರು ಮಾತ್ರ ಹೋಗ್ಲಿಲ್ಲ ನೋಡು."

ಸ್ನಾನದೀಕ್ಷೆ ಅಳಿಸಲಾಗದ ಮುದ್ರೆ ಒತ್ತುತ್ತದೆ ಅಂತ ನಾವು ಪಾಠದಲ್ಲಿ ಹೇಳುತ್ತೇವೆ. ಈಗ ಆ ಪಾಠ ಬಂದಾಗಲೆಲ್ಲ ನಾನು ಅಜ್ಜಿಯ ಈ ಮಾತನ್ನೇ ಹೇಳಿಕೊಡುತ್ತೇನೆ.

ಜನವರಿಯಲ್ಲಿ, ಕ್ರಿಸ್ತರ ಸ್ನಾನದೀಕ್ಷೆಯ ಹಬ್ಬದ ಭಾನುವಾರ, ಪುಟ್ಟಿಯನ್ನು ಚರ್ಚಿಗೆ ಕರೆದುಕೊಂಡು ಹೋದೆವು. ಆಗ ಅವಳಿಗೆ ಐದು ತಿಂಗಳು, ನಾಲ್ಕೂವರೆ ಕೆಜಿ. ತುರ್ತಿನಲ್ಲಿ ದೀಕ್ಷೆ ಪಡೆದ ಮಗುವನ್ನು ಸಭೆಗೆ ಸ್ವಾಗತಿಸುವ ವಿಧಿ ಅಂತಲೇ ಒಂದಿದೆ. ನಾವು ಸಿಸ್ಟರ್‌ನೂ ಕರೆದಿದ್ದೆವು. ಹಸಿರು ರೇಷ್ಮೆ ಸೀರೆ ಉಟ್ಟು, ಮಗಳ ಕೈ ಹಿಡಿದುಕೊಂಡು ಬಂದಿದ್ದರು. ಹಿಂದಿನ ಬೆಂಚಿನಲ್ಲಿ ಕೂರಲು ಹೋದವರನ್ನು ಅಜ್ಜಿ ಎಳೆದುಕೊಂಡು ಬಂದು ಮುಂದೆ, ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು.

ಫಾದರ್ ಅವತ್ತಿನ ಪ್ರಬೋಧನೆಯಲ್ಲಿ ಜೋರ್ಡನ್ ನದಿಯ ದಡದ ಕಥೆ ಹೇಳಿದರು. ಪಾಪಿಗಳ ಸಾಲಿನಲ್ಲಿ ಪಾಪವಿಲ್ಲದವನು ಬಂದು ನಿಂತದ್ದು, ಅಲ್ಲಿ ದೀಕ್ಷೆ ಕೊಡುತ್ತಿದ್ದ ಸ್ನಾನಿಕ ಯೊವಾನ್ನ ಬೇಡ ಅಂತ ಹಿಂಜರಿದದ್ದು. "ಯೇಸುವಿಗೆ ನೀರಿನ ಅಗತ್ಯ ಇರಲಿಲ್ಲ. ನಾವು ಇಳಿಯುವ ಕಡೆ ತಾನೂ ಇಳಿಯಬೇಕು ಅಂತ ಬಂದ. ಅವನು ಅಲ್ಲಿ ಇನ್ನೂ ಒಂದು ಪವಾಡ ಮಾಡಿರಲಿಲ್ಲ, ಒಂದು ಬೋಧನೆ ಕೊಟ್ಟಿರಲಿಲ್ಲ. ಆಗಲೇ ಆಕಾಶದಿಂದ ಮಾತು ಬಂತು, ಇವನು ನನ್ನ ಪ್ರಿಯ ಮಗ ಅಂತ." ಅಲ್ಲಿ ನಾನು ಪುಟ್ಟಿಯನ್ನು ನೋಡಿದೆ. ಅವಳೂ ಏನೂ ಮಾಡಿರಲಿಲ್ಲ.

ಆಮೇಲೆ ವಿಧಿ. ತೊಟ್ಟಿಯಲ್ಲಿ ನೀರು ಇತ್ತು, ಅವತ್ತು ಬೇರೆ ಎರಡು ಮಕ್ಕಳಿಗೆ ದೀಕ್ಷೆ ಇತ್ತು. ಆ ಎರಡು ಮಕ್ಕಳ ತಂದೆ ತಾಯಿಯನ್ನು ಫಾದರ್ ಕೇಳಿದರು, ಧರ್ಮಸಭೆಯಿಂದ ಏನು ಬಯಸುತ್ತೀರಿ? ಸ್ನಾನದೀಕ್ಷೆ ಅಂದರು ಅವರು. ನಮ್ಮ ತಂಗಿಯನ್ನು ಕೇಳಿದ ಪ್ರಶ್ನೆಯೇ ಬೇರೆ. ಈಗಾಗಲೇ ದೀಕ್ಷೆ ಪಡೆದಿರುವ ಈ ಮಗುವಿಗಾಗಿ ಏನು ಬಯಸುತ್ತೀರಿ? ಅವಳು ನಮ್ಮ ಸಭೆಯವಳು ಅಂತ ಎಲ್ಲರಿಗೂ ತಿಳಿಯಲಿ ಅಂತ ತಂಗಿ ಹೇಳಿದಳು. ಗಂಟಲು ಕಟ್ಟಿತ್ತು. ಸೈತಾನನನ್ನು ದೂರ ಮಾಡುವ ಪ್ರಾರ್ಥನೆ ಆ ಮಕ್ಕಳಿಗೆ ಇತ್ತು, ಪುಟ್ಟಿಗೆ ಇರಲಿಲ್ಲ. ನೀರೂ ಇಲ್ಲ. ಫಾದರ್ ತೊಟ್ಟಿಯ ಹತ್ತಿರ ಅವಳನ್ನು ದಾಟಿ ಮುಂದಕ್ಕೆ ಹೋದರು.

ಚರ್ಚಿನಲ್ಲಿ ಕೆಲವರು ಮುಖ ಮುಖ ನೋಡಿಕೊಂಡರು. ನೀರೇ ಹಾಕಲಿಲ್ಲವಲ್ಲ! ನನಗೆ ಮಾತ್ರ ಆ ದಾಟಿ ಹೋದದ್ದೇ ಇಡೀ ವಿಧಿಯಲ್ಲಿ ಎಲ್ಲಕ್ಕಿಂತ ದೊಡ್ಡ ಗಳಿಗೆಯಾಗಿ ಕಂಡಿತು. ಕಾವಿನ ದೀಪದ ಕೆಳಗೆ, ಸಿರಿಂಜ್‌ನ ತುದಿಯಿಂದ ಬಿದ್ದ ಆ ನೀರನ್ನು ಇಡೀ ಧರ್ಮಸಭೆ ಪೂರ್ತಿ ಅಂತ ಒಪ್ಪಿಕೊಂಡು, ಅದಕ್ಕೆ ಒಂದು ಹನಿಯನ್ನೂ ಸೇರಿಸದೆ ಕೈ ಹಿಂದಕ್ಕೆ ತೆಗೆದುಕೊಂಡಿತು.

ನೆತ್ತಿಗೆ ಕ್ರಿಸ್ಮ ತೈಲ ಹಚ್ಚಿದರು. ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ ಬಿಷಪ್ಪರು ಆಶೀರ್ವದಿಸಿ ಎಲ್ಲ ಚರ್ಚುಗಳಿಗೆ ಕಳಿಸುವ ಸುಗಂಧದ ಎಣ್ಣೆ ಅದು. ಕ್ರಿಸ್ತ ಅನ್ನುವ ಹೆಸರಿಗೇ ಅಭಿಷಿಕ್ತ, ಎಣ್ಣೆ ಹಚ್ಚಲ್ಪಟ್ಟವನು ಅಂತ ಅರ್ಥ. ಸಿಸ್ಟರ್ ಟೋಪಿ ಸರಿಸಿದ್ದ ಜಾಗದಲ್ಲೇ ಈಗ ದಟ್ಟ ಕೂದಲು, ಎಣ್ಣೆ ಅದರಲ್ಲಿ ಮಿಂಚಿತು. ಬಿಳಿ ಬಟ್ಟೆ ಹೊದಿಸಿದರು. ಪಾಸ್ಖ ದೀಪದಿಂದ, ಅಂದರೆ ಈಸ್ಟರ್ ದೀಪದಿಂದ ಹಚ್ಚಿದ ಮೇಣದಬತ್ತಿಯನ್ನು ಜ್ಞಾನತಾಯಿಯಾದ ನನ್ನ ಕೈಗೆ ಕೊಟ್ಟರು. ಮೇಣ ಕರಗಿ ಹೆಬ್ಬೆರಳಿಗೆ ಬಿತ್ತು. ನಾನು ಕೈ ಕದಲಿಸಲಿಲ್ಲ.

ಪೂಜೆ ಮುಗಿದ ಮೇಲೆ ಫಾದರ್ ನಮ್ಮನ್ನು ಆಫೀಸಿಗೆ ಕರೆದರು. ದೀಕ್ಷೆಯ ರಿಜಿಸ್ಟರ್ ಬಿಚ್ಚಿದರು. ಉದ್ದನೆಯ ದಪ್ಪ ಪುಸ್ತಕ. ಮಗುವಿನ ಹೆಸರು, ತಂದೆ ತಾಯಿ, ಜ್ಞಾನ ತಂದೆ ತಾಯಿ, ದಿನ, ಜಾಗ. ಕೊನೆಯ ಕಾಲಂ, ದೀಕ್ಷೆ ಕೊಟ್ಟವರು. ಆ ಪುಟದಲ್ಲಿ ಮೇಲಿಂದ ಕೆಳಗೆ ಎಲ್ಲ ಗುರುಗಳ ಹೆಸರೇ. ಫಾದರ್ ಪೆನ್ನು ಹಿಡಿದು ಸಿಸ್ಟರ್ ಕಡೆ ನೋಡಿದರು. "ನಿಮ್ಮ ಪೂರ್ತಿ ಹೆಸರು ಹೇಳಿ ಅಮ್ಮಾ."

ಅವರು ಗಾಬರಿಯಾದರು. "ನಂದಾ? ಇದ್ರಲ್ಲಾ?"

"ಕೊಟ್ಟವರು ನೀವೇ ಅಲ್ವಾ."

ಹೆಸರು ಹೇಳಿದರು. ಫಾದರ್ ಬರೆದರು. ಪಾರ್ವತಿಯ ಹೆಸರುಗಳಲ್ಲೊಂದು, ಗುರುಗಳ ಹೆಸರಿನ ಸಾಲಿನಲ್ಲಿ ನೀಲಿ ಶಾಯಿಯಲ್ಲಿ ಕೂತಿತು. ಸಮಯ ಎಷ್ಟಿರಬಹುದು ಅಂತ ಫಾದರ್ ನನ್ನನ್ನು ಕೇಳಿದರು. ನನಗೆ ಸರಿಯಾಗಿ ನೆನಪಿರಲಿಲ್ಲ. ಆಗ ಸಿಸ್ಟರ್ ಪರ್ಸಿನಿಂದ ಒಂದು ಮಡಿಚಿದ ಕಾಗದ ತೆಗೆದರು. ಮೆಡಿಕಲ್ ಶಾಪ್ ಬಿಲ್ಲು. ಹಿಂದೆ ನನ್ನ ನಡುಗುವ ಅಕ್ಷರ. ಅದರ ಕೆಳಗೆ ಅವರ ಕೈಬರಹದಲ್ಲಿ ಅಂದಿನ ತಾರೀಖು, ರಾತ್ರಿ 8.42.

"ಏನು ಕೊಟ್ಟರೂ ಟೈಮ್ ಬರೀತೀವಿ, ಅಭ್ಯಾಸ. ಬಿಸಾಕೋಕೆ ಮನಸ್ಸಾಗಲಿಲ್ಲ ಅಕ್ಕಾ" ಅಂದರು. ಫಾದರ್ ಅದನ್ನು ನೋಡಿ ಬರೆದುಕೊಂಡರು.

ಸಿಸ್ಟರ್ ಆ ಚೀಟಿಯನ್ನೇ ನೋಡುತ್ತಾ ಕೂತಿದ್ದರು. ಮತ್ತೆ ಮೆಲ್ಲಗೆ ಹೇಳಿದರು. "ಹಿಂದಿನ ರಾತ್ರಿಯೂ ನಾನೇ ಇದ್ದೆ. ಆ ಪುಟ್ಟ ಗಂಡು ಮಗು ಹೋಗುವಾಗ ನನ್ನ ಕೈಯಲ್ಲೇ ಇತ್ತು. ಕೊನೇಲಿ ಮೆಷಿನ್ ಒಳಗೆ ಒಂದೇ ಇರೋದು ಬೇಡ ಅಂತ ಎತ್ಕೊಂಡಿದ್ದೆ. ಆಗ ನನಗೆ ಈ ಮಾತು ಗೊತ್ತಿರಲಿಲ್ಲ ಅಕ್ಕಾ. ಗೊತ್ತಿದ್ದಿದ್ರೆ ಅವನಿಗೂ ಹೇಳ್ತಿದ್ದೆ."

ಆಫೀಸಿನಲ್ಲಿ ಯಾರೂ ಮಾತಾಡಲಿಲ್ಲ. ತಂಗಿ ಪುಟ್ಟಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಮಗ ಎತ್ತಿಕೊಂಡವರ ಕೈಯಲ್ಲಿ ಹೋದ ಅನ್ನುವುದು ಅವಳಿಗೆ ಗೊತ್ತಾದದ್ದು ಆಗಲೇ.

ಅಜ್ಜಿ ಕುರ್ಚಿಯಿಂದ ಎದ್ದಳು. ಸಿಸ್ಟರ್ ಹತ್ತಿರ ಹೋಗಿ, ಅವರ ಎರಡೂ ಕೈಗಳನ್ನು ತೆಗೆದುಕೊಂಡು, ಒಂದಾದ ಮೇಲೊಂದು ಕಣ್ಣಿಗೆ ಒತ್ತಿಕೊಂಡಳು.